ಮೂಡಬಾಗಿಲಿಗೆ ಕಟ್ಟಿದ ತಟ್ಟಿ

ನಮ್ಮ ಅತ್ತೆಗೆ ಗಾಳಿಯ ಮೇಲೆ ಯಾವತ್ತೂ ನಂಬಿಕೆ ಇರಲಿಲ್ಲ. ಬಿಸಿಲು ಬೆಳಗ್ಗೆಯೇ ಬಂದು ಎಲ್ಲರ ಕಣ್ಣೆದುರು ಅಂಗಳದಲ್ಲಿ ಕೂರುತ್ತದೆ, ಮಳೆ ಗುಡುಗಿ ಗದ್ದಲ ಮಾಡಿಕೊಂಡು ಬರುತ್ತದೆ, ಗಾಳಿಯೊಂದೇ ಸದ್ದಿಲ್ಲದೆ ಹೊಂಚು ಹಾಕುವ ಜಾತಿ ಎಂಬುದು ಅವಳ ತಕರಾರು. ನಾನು ಮಾತು ಕಲಿತದ್ದು ಹೆಚ್ಚಾಗಿ ಅವಳ ಜಗುಲಿಯಲ್ಲಿ. ಬೇಸಿಗೆ ರಜೆಗೆ ಹೆಗಡೆಕಟ್ಟಾದ ಹತ್ತಿರದ ಆ ಮನೆಗೆ ಹೋದರೆ ಶಾಲೆ ಶುರುವಾಗುವ ತನಕ ಅಲ್ಲೇ. ಪುಸ್ತಕದಲ್ಲಿ ಗಾಳಿ ಎಂದು ಒಂದೇ ಶಬ್ದ ಓದಿಕೊಂಡು ಬಂದವನಿಗೆ ಅವಳು ಪಡುಗಾಳಿ, ತೆಂಕಗಾಳಿ, ಮೂಡಗಾಳಿ, ಸುಳಿಗಾಳಿ ಎಂದು ಒಂದೊಂದನ್ನೂ ನೆಂಟರನ್ನು ಪರಿಚಯಿಸಿದ ಹಾಗೆ ಪರಿಚಯಿಸಿದಳು. ಪಡುಗಾಳಿ ವರ್ಷವರ್ಷ ಬಂದು ತಿಂಗಳುಗಟ್ಟಲೆ ಉಳಿಯುವ ಜೋರಿನ ನೆಂಟ. ಸುಳಿಗಾಳಿ ತರಗೆಲೆ ಎತ್ತಿಕೊಂಡು ಓಡುವ ಹುಡುಗ. ಮೂಡಗಾಳಿಯನ್ನು ಮಾತ್ರ ಅವಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

“ಅದು ಚಳಿಗಾಲದಲ್ಲಿ ಬಂದು ತುಟಿ ಒಡೆಸಿ ಹೋಗ್ತು. ಅದಕ್ಕೆ ಎಂತ ಶಕ್ತಿ ಇದ್ದು ತಮಾ?” ಎನ್ನುತ್ತಿದ್ದಳು.

ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಕಡೆಯ ಮನೆಗಳೂ ಇದೇ ನಂಬಿಕೆಯ ಮೇಲೆ ನಿಂತಿವೆ. ಮುಖ ಮೂಡಕ್ಕೆ, ಬೆನ್ನು ಪಡುವಣಕ್ಕೆ. ಮಳೆಗಾಲ ಹತ್ತಿರ ಬಂತೆಂದರೆ ಅಡಿಕೆಯ ಸೋಗೆ ಹೆಣೆದು ತಟ್ಟಿ ಮಾಡಿ ಪಡುವಣದ ಗೋಡೆಗೆ, ಕಿಟಕಿಗೆ, ಹಿಂಬದಿಯ ಕಟ್ಟೆಗೆ ಕಟ್ಟುತ್ತೇವೆ. ಮಳೆಯೂ ಗಾಳಿಯೂ ಕಡಲ ಕಡೆಯಿಂದಲೇ ಬರುವುದು ಎನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಮೂಡಬಾಗಿಲಿಗೆ ತಟ್ಟಿ ಕಟ್ಟಿದ ಮನೆಯನ್ನು ಈ ಕಥೆ ನಡೆಯುವವರೆಗೆ ನಾನು ಕಂಡಿರಲಿಲ್ಲ, ಅತ್ತೆಯೂ ಕಂಡಿರಲಿಲ್ಲ.

ಅತ್ತೆಗೆ ಗಾಳಿಯಷ್ಟೇ ಅನುಮಾನ ಇದ್ದದ್ದು ಮೇಲಿನಮನೆಯ ಅಕ್ಕನ ಮೇಲೆ. ಮೇಲಿನಮನೆ ಎಂದರೆ ಅತ್ತೆಯ ಮನೆಯ ಹಿಂದಿನ ದಿಬ್ಬದ ಮೇಲಿನ ಮನೆ. ಆ ಮನೆಯ ಜಗುಲಿಯಲ್ಲಿ ನಿಂತರೆ ಅತ್ತೆಯ ಅಂಗಳ ಅಂಗೈಯ ಹಾಗೆ ಕಾಣುತ್ತದೆ. ಅತ್ತೆಯ ಹಿತ್ತಿಲಲ್ಲಿ ನಿಂತು ತಲೆ ಎತ್ತಿದರೆ ಮೇಲಿನಮನೆಯ ಜಗುಲಿಯೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಾಲಕ್ಕೆ ಸೊಸೆಯಂದಿರಾಗಿ ಬಂದವರು. ಅಕ್ಕ ಗಟ್ಟದ ಕೆಳಗಿನ ಕುಮಟೆಯ ಕಡೆಯಿಂದ, ಅತ್ತೆ ಗಟ್ಟದ ಮೇಲಿನವಳು. ಒಬ್ಬರ ಮನೆಯ ಕರಿಬೇವು ಇನ್ನೊಬ್ಬರ ಒಗ್ಗರಣೆಗೆ ಬೀಳದ ದಿನ ಇಲ್ಲ. ಆದರೂ ಒಬ್ಬರ ಮೇಲೆ ಒಬ್ಬರ ಕಣ್ಣು ತಪ್ಪಿದ ದಿನವೂ ಇಲ್ಲ.

ಅದಕ್ಕೆಲ್ಲ ಮೂಲ ಹಲಸಿನ ಹಪ್ಪಳ.

ಹಪ್ಪಳಕ್ಕೆ ಹಲಸು ಹಣ್ಣಾಗಬಾರದು, ಎಳೆಯದೂ ಇರಬಾರದು. ಬೆಳೆದು ಬಲಿತು, ಇನ್ನೇನು ಹಣ್ಣಾಗಬೇಕು ಎನ್ನುವ ಹೊತ್ತಿಗೆ ಕೊಯ್ಯಬೇಕು. ಸೊಳೆ ಬಿಡಿಸಿ, ಬೇಯಿಸಿ, ಖಾರ ಉಪ್ಪು ಹಾಕಿ ಅರೆದು, ಉಂಡೆ ಮಾಡಿ, ಎಣ್ಣೆ ಸವರಿದ ಎಲೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಒತ್ತಿದ ದಿನ ಖಡಕ್ ಬಿಸಿಲು ಸಿಗದಿದ್ದರೆ ಹುಳಿ ಬರುತ್ತದೆ, ಮರುದಿನ ಸಿಗದಿದ್ದರೆ ಬೂಸಲು. ಇಷ್ಟು ಕೆಲಸ ಒಬ್ಬಳ ಕೈಯಲ್ಲಿ ಆಗುವುದಲ್ಲ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಎಂದು ಕೇರಿಯ ಹೆಂಗಸರೆಲ್ಲ ಮುಯ್ಯಾಳಿಗೆ ಹೋಗುತ್ತಾರೆ. ಯಾರ ಮನೆಗೆ ಯಾವ ದಿನ ಎನ್ನುವುದರ ಮೇಲೆ ಯಾರಿಗೆ ಬಿಸಿಲು, ಯಾರಿಗೆ ಮೋಡ ಎನ್ನುವುದು ನಿಂತಿದೆ. ಮೇ ತಿಂಗಳ ನಮ್ಮೂರಿನ ರಾಜಕೀಯ ಎಂದರೆ ಇದು.

ಈ ಕಥೆಗೆ ಹಿಂದಿನ ವರ್ಷ ನಡೆದದ್ದನ್ನು ಮೊದಲು ಹೇಳಬೇಕು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿತ್ತು. ಅದಕ್ಕೊಂದು ಹೆಸರೂ ಇತ್ತು, ಅತ್ತೆಯ ನಾಲಿಗೆಗೆ ಅದು ಹೊರಳಲಿಲ್ಲ. ಅತ್ತೆಯ ಮಗ, ನನ್ನ ಭಾವ, ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ. ಬೆಳ್ಳಗಿನ ದೊಡ್ಡದೊಂದು ಚಕ್ಕುಲಿ. ಕೇರಳದಿಂದ ಗುಜರಾತಿನವರೆಗೂ ಅದೇ. ಸಮುದ್ರವೇ ಕಾಣುತ್ತಿರಲಿಲ್ಲ.

ಆ ದಿನ ಅತ್ತೆಯ ಮನೆಯ ಸರದಿ. ಹಲಸು ಕೊಯ್ದು ಜಗುಲಿಗೆ ಬಂದಾಗಿತ್ತು. ಬೆಳಗ್ಗೆ ಮೇಲಿನಮನೆಯ ಅಕ್ಕ ಬೇಲಿಯ ಹತ್ತಿರ ಬಂದು, “ತಂಗಿ, ದೊಡ್ಡ ಗಾಳಿ ಬತ್ತಡ. ಇವತ್ತು ಹಪ್ಪಳ ಮಾಡಡ” ಎಂದು ತಡೆದಳು. ಮುಯ್ಯಾಳಿಗೆ ಬಂದವರು ಆ ಮಾತು ಕೇಳಿ, ಭಾವನ ಮೊಬೈಲನ್ನೂ ನೋಡಿ, ಸೆರಗು ಕೊಡವಿಕೊಂಡು ಮನೆಗೆ ನಡೆದರು. ಅತ್ತೆ ಚಾಪೆ ಸುತ್ತಿದಳು. ಕಿಟಕಿ ಭದ್ರ ಮಾಡಿದಳು. ದನ ಒಳಗೆ ಕಟ್ಟಿಸಿದಳು. ಎಲ್ಲರೂ ಕಾದು ಕೂತರು.

ಏನೂ ಬರಲಿಲ್ಲ. ಆಕಾಶ ತೊಳೆಯದ ಪಾತ್ರೆಯ ಹಾಗೆ ಮಬ್ಬಾಯಿತು, ನಾಲ್ಕು ಹನಿ ಉದುರಿತು, ಅಷ್ಟೇ. ಆ ಮಹಾ ಚಕ್ಕುಲಿ ದೂರದ ಸಮುದ್ರದಲ್ಲೇ ಸುತ್ತಿ ಸುತ್ತಿ ವಾಯವ್ಯಕ್ಕೆ ಹೋಯಿತು. ಅಷ್ಟರಲ್ಲಿ ಅತ್ತೆಯ ಹಲಸೆಲ್ಲ ಹಣ್ಣಾಗಿ ಮನೆ ತುಂಬ ಪರಿಮಳ. ಒಂದಿಷ್ಟು ಕಡುಬಾಯಿತು, ಉಳಿದದ್ದು ದನಕ್ಕಾಯಿತು. ಮೇಲಿನಮನೆಯ ಅಕ್ಕನದು ಮಾತ್ರ ಹಿಂದಿನ ವಾರವೇ ಒತ್ತಿ, ಒಣಗಿ, ಡಬ್ಬ ಸೇರಿತ್ತು.

“ಅದರ ಹಪ್ಪಳ ಡಬ್ಬದೊಳಗೆ ಹೋದಮೇಲೆ ಯನ್ನ ಮನೆಗೆ ಗಾಳಿ ಬತ್ತು ಹೇಳಿ ಕೂಗ್ತು” ಎಂದು ಅತ್ತೆ ಅಕ್ಕನ ಬಗ್ಗೆ ವರ್ಷವಿಡೀ ಹೇಳಿದಳು. “ಚಂಡಮಾರುತ ಹೌದು, ಸಮುದ್ರದ್ದಲ್ಲ. ಮೇಲಿನಮನೆದು.”

ಹೀಗೆ ಮನಸ್ಸು ಕೆಟ್ಟಿರುವಾಗ ಈ ಕಥೆಯ ವರ್ಷ ಬಂತು. ಆ ವರ್ಷ ಹಪ್ಪಳಕ್ಕೆ ಬೇರೆಯೇ ತೂಕ ಇತ್ತು. ಭಾವನ ಮಗಳಿಗೆ ಯಲ್ಲಾಪುರದ ಕಡೆ ಸಂಬಂಧ ಕುದುರಿತ್ತು. ಮದುವೆ ಶಿರಸಿಯ ಮಂಟಪದಲ್ಲಿ, ಮರುದಿನ ಯಲ್ಲಾಪುರದಲ್ಲಿ ವಧೂಪ್ರವೇಶ. ನಿಶ್ಚಯದ ದಿನ ಬೀಗರ ಮನೆಯ ಯಜಮಾನಿತಿ, ಮದುಮಗನ ಅಜ್ಜಿ, “ಈಗಿನ ಕಾಲದಾಗೆ ಮನೆ ಹಪ್ಪಳ ಯಾರು ಮಾಡ್ತ? ಎಲ್ಲ ಪೇಟೆದೇಯ” ಎಂದರು. ಅದು ಬರೀ ಮಾತೋ ಚುಚ್ಚು ಮಾತೋ ಗೊತ್ತಿಲ್ಲ. ಅತ್ತೆಗೆ ಚುಚ್ಚಿತು. ಎಲ್ಲರೆದುರು, “ವಧೂಪ್ರವೇಶದ ಊಟಕ್ಕೆ ಹಪ್ಪಳ ಯನ್ನ ಕೈದು. ಆನು ಮಾಡಿ ತತ್ತೆ” ಎಂದುಬಿಟ್ಟಳು. ಮೊಮ್ಮಗಳು ಕಾಲಿಡುವ ಮನೆಯಲ್ಲಿ, ಮೊದಲ ಊಟದಲ್ಲಿ, ತಾನು ಆಡಿದ ಮಾತು ಎಲೆಯ ಮೇಲೆ ಬೀಳಬೇಕು. ಬೀಳದಿದ್ದರೆ ಆ ಹುಡುಗಿ ವರ್ಷಗಟ್ಟಲೆ ಅದನ್ನು ಕೇಳಿಸಿಕೊಂಡೇ ಇರಬೇಕು. ಅತ್ತೆಗೆ ಮದುವೆಯ ಚಿನ್ನ, ಸೀರೆ ಯಾವುದರ ಚಿಂತೆಯೂ ಇರಲಿಲ್ಲ. ಹಪ್ಪಳದ್ದೇ ಚಿಂತೆ.

ಹಲಸು ಬಲಿತ ವಾರವೇ ಸಮುದ್ರದಲ್ಲಿ ಮತ್ತೊಂದು ಚಂಡಮಾರುತ ಎಂಬ ಸುದ್ದಿ ಬಂತು. ಅತ್ತೆ ಫೋನ್ ಮಾಡಿಸಿ, “ತಮಾ, ನೀ ಬಾ. ಇಲ್ಲಿ ಯಾರನ್ನೂ ನಂಬಲೆ ಬತ್ತಿಲ್ಲೆ” ಎಂದಳು.

ಶಿರಸಿಯಲ್ಲಿ ಬಸ್ಸು ಹತ್ತಿದರೆ ಅಲ್ಲಿಯೂ ಅದೇ ಮಾತು. ನನ್ನ ಪಕ್ಕ ಕೂತವರು ಕಾಳುಮೆಣಸಿನ ಬೆಳೆಗಾರರು. ಚೀಲವೊಂದನ್ನು ಕಾಲಿನ ನಡುವೆ ಇಟ್ಟುಕೊಂಡು, “ಈ ಚಂಡಮಾರುತ ಹುಟ್ಟದು ಸಮುದ್ರದಲ್ಲಿ ಅಲ್ದೋ, ವ್ಯಾಪಾರಸ್ಥರ ಅಂಗಡಿಲಿ. ಮಳೆ ಬತ್ತು ಹೇಳಿದ್ರೆ ನಾವು ಹೆದರಿ ಮಾಲು ತಂದು ಸುರಿತ್ಯ, ಅವ್ವು ಕಮ್ಮಿ ದರಕ್ಕೆ ತಗತ್ತ” ಎಂದರು. ಹಿಂದಿನ ಸೀಟಿನವರು, ಇಲ್ಲ, ಟಿವಿಯವರಿಗೆ ಬೇರೆ ಸುದ್ದಿ ಸಿಗದಾಗ ಚಂಡಮಾರುತ ಬರುತ್ತದೆ ಎಂದರು. ಬನವಾಸಿ ಕಡೆಯ ಕಂಡಕ್ಟರು ಟಿಕೆಟ್ ಹರಿಯುತ್ತ, “ನೋಡ್ರಿ, ಚಂಡಮಾರುತ ಬಂದ್ರ ಬಸ್ ಬರೂದಿಲ್ಲ. ಆದ್ರ ಬಸ್ ಬರಲಿಲ್ಲ ಅಂದ್ರ ಚಂಡಮಾರುತ ಬಂದೈತಿ ಅಂತ ತಿಳ್ಕೋಬ್ಯಾಡ್ರಿ ಮತ್ತ” ಎಂದ. ಬಸ್ಸೆಲ್ಲ ನಕ್ಕಿತು. ಯಾರಿಗೂ ಹೆದರಿಕೆ ಇರಲಿಲ್ಲ, ಎಲ್ಲರಿಗೂ ಅನುಮಾನ ಇತ್ತು.

ನಾನು ಹೋಗುವಾಗ ಅತ್ತೆ ಮಜ್ಜಿಗೆ ಕಡೆಯುತ್ತಿದ್ದಳು. ಭಾವ ಮೊಬೈಲು ಹಿಡಿದು ಕಂಬಕ್ಕೆ ಒರಗಿದ್ದ.

“ನೋಡು ಭಾವ, ನೀನೇ ಹೇಳು ಆಯಿಗೆ” ಎಂದು ನನಗೆ ಚಿತ್ರ ತೋರಿಸಿದ. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. “ಹೋದ ವರ್ಷದ್ದು ಇಡೀ ಸಮುದ್ರ ತುಂಬಿತ್ತು. ಇದು ನೋಡು, ಒಂದು ಉದ್ದಿನ ವಡೆ. ಅಷ್ಟು ದೊಡ್ಡದೇ ಎಂತದೂ ಮಾಡಿದ್ದಿಲ್ಲೆ, ಈ ಸಣ್ಣದು ಎಂತ ಮಾಡ್ತು?”

ಚಿತ್ರದಲ್ಲಿ ನಿಜವಾಗಿಯೂ ಅದು ವಡೆಯಷ್ಟೇ ಇತ್ತು. ನಡುವೆ ತೂತು ಕೂಡ. ಆದರೆ ಅದು ದಡಕ್ಕೆ ಬಹಳ ಹತ್ತಿರ ಇತ್ತು. ನಾನು ರೇಡಿಯೋದಲ್ಲಿ ಕೇಳಿದ್ದು, ಪೇಪರಿನಲ್ಲಿ ಓದಿದ್ದು ಒಟ್ಟುಮಾಡಿ ಹೇಳಲು ಹೋದೆ. ಚಂಡಮಾರುತದ ಅಗಲ ಬೇರೆ, ಜೋರು ಬೇರೆ. ಕೆಲವು ಊರಗಲ ಹರಡಿಕೊಂಡು ಮೆಲ್ಲಗೆ ಸುತ್ತುತ್ತವೆ, ಗಾಳಿ ಬಿಡಿಬಿಡಿಯಾಗಿ ಹೋಗುತ್ತದೆ. ಕೆಲವು ಅಗಲವೂ ಇರುತ್ತವೆ, ಜೋರೂ ಇರುತ್ತವೆ. ಇನ್ನು ಕೆಲವು ಸಣ್ಣಗೆ ಬಿಗಿಯಾಗಿ ಸುತ್ತಿಕೊಂಡು, ಹೋದ ದಾರಿಯಲ್ಲಿ ಮಾತ್ರ ಕಿತ್ತು ಹಾಕಿಕೊಂಡು ಹೋಗುತ್ತವೆ. ಚಿತ್ರ ನೋಡಿ ಅಳೆಯುವ ಹಾಗಿಲ್ಲ ಎಂದೆ.

ಅತ್ತೆ ಕಡಗೋಲು ನಿಲ್ಲಿಸಲಿಲ್ಲ. “ಅದು ಯಂಗೆ ಗೊತ್ತಿದ್ದು. ದೊಡ್ಡ ಹಂಡೆಲಿ ಕಡೆದ್ರೆ ಮಜ್ಜಿಗೆ ಸಾವಕಾಶ ತಿರುಗ್ತು. ಸಣ್ಣ ಗಡಿಗೆಲಿ ಕಡೆದ್ರೆ ಮೋರೆಗೆ ಹಾರ್ತು. ಆದ್ರೆ ಗಡಿಗೆ ಎದುರಿಗೆ ಕೂತವರ ಮೋರೆಗೆ ಅಲ್ದನಾ? ಈ ಗಡಿಗೆ ಯಾರ ಎದುರಿಗೆ ಇದ್ದು ಹೇಳು. ಯನ್ನ ಎದುರಿಗೋ, ಗುಜರಾತದವರ ಎದುರಿಗೋ?”

ಅದು ರೇಡಿಯೋದವರಿಗೂ ಪೂರ್ತಿ ಗೊತ್ತಿರಲಿಲ್ಲ. ದಡದ ಗುಂಟ ಮೇಲಕ್ಕೆ ಸಾಗಬಹುದು, ತಿರುಗಬಹುದು, ಕುಗ್ಗಬಹುದು ಎನ್ನುತ್ತಿದ್ದರು. ‘ಬಹುದು’ ಎಂಬ ಮಾತು ಕೇಳಿದರೆ ಅತ್ತೆಯ ಹುಬ್ಬು ಏರುತ್ತಿತ್ತು.

“ಮೇಲಿನಮನೆ ಅಕ್ಕ ಎಂತ ಹೇಳ್ತು?” ಎಂದೆ.

ಭಾವ ನಕ್ಕ. ಬೆಳಗ್ಗೆಯೇ ಅಕ್ಕ ಅವನ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಕಳಿಸಿದ್ದಳಂತೆ, ‘ಅಂಗಳದಲ್ಲಿ ಎಂತದೂ ಒಣಗಿಸಡಿ, ಗಾಳಿ ಬತ್ತು’ ಎಂದು.

“ಹೋದ ವರ್ಷದ್ದೇ ಮಾತು!” ಅತ್ತೆ ಕಡಗೋಲಿನ ಹಗ್ಗ ಬಿಟ್ಟಳು. “ಯನ್ನ ಮನೆ ಸರದಿ ಬಂದಾಗ್ಲೇ ಅದಕ್ಕೆ ಗಾಳಿ ಕಾಣ್ತು. ಯಂಗೆ ಬರ ಹೆಂಗಸ್ರನ್ನ ತನ್ನ ಮನೆಗೆ ಎಳ್ಕಳ ಹಂಚಿಕೆ. ನೀ ಹೋಗಿ ನೋಡ್ಕಬಾ ತಮಾ. ಹಪ್ಪಳದ ಮಣೆ ಬೇಕಡ ಹೇಳು.”

ಅತ್ತೆಯ ಮನೆಯಲ್ಲಿ ಹಪ್ಪಳದ ಮಣೆ ಸಾಲಾಗಿ ಒರಗಿಸಿಟ್ಟಿದ್ದವು. ಅವನ್ನು ನೋಡುತ್ತಲೇ ಮಣೆ ಕೇಳುವ ನೆಪದಲ್ಲಿ ನಾನು ದಿಬ್ಬ ಹತ್ತಿದೆ.

ಮೇಲಿನಮನೆಯ ಅಂಗಳಕ್ಕೆ ಬಂದವನು ನಿಂತುಬಿಟ್ಟೆ. ಮೂಡಬಾಗಿಲಿಗೆ, ಜಗುಲಿಯ ಉದ್ದಕ್ಕೂ, ಸೋಗೆಯ ತಟ್ಟಿ ಕಟ್ಟಿದ್ದರು. ಹಸಿ ಬಳ್ಳಿಯ ಗಂಟು, ಅದೇ ದಿನ ಕಟ್ಟಿದ್ದು. ಪಡುವಣದ ಕಡೆ ಹೋಗಿ ನೋಡಿದರೆ ಅಲ್ಲಿ ಒಂದೂ ಇಲ್ಲ. ಒಳಗೆ ಕತ್ತಲೆ. ಬಗ್ಗಿ ಒಳಹೊಕ್ಕರೆ ಅಕ್ಕ ಕೈ ಒರೆಸುತ್ತ ಬಂದಳು.

“ಓಹೋ, ಬಾ ತಮಾ. ಯಾವಾಗ ಬಂದ್ಯ? ಆಸರಿಗೆ ಕುಡಿಯಲೆ ಎಂತ ಬೇಕು?”

“ಎಂತದೂ ಬ್ಯಾಡ ಅಕ್ಕ. ಅತ್ತೆಗೆ ಹಪ್ಪಳದ ಮಣೆ ಬೇಕಡ.”

“ನಿನ್ನ ಅತ್ತೆ ಮನೆಲಿ ಇಲ್ದೇ ಇದ್ದ ಮಣೆ ಯನ್ನಲ್ಲಿ ಇದ್ದನಾ?” ಎಂದು ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಟ್ಟಿ ನೋಡಿದೆ.

“ಇದೆಂತಕ್ಕೆ, ಮೂಡಬಾಗ್ಲಿಗೆ?”

“ಬಿಸಿಲು ಕಣ್ಣಿಗೆ ಬಡೀತು ಮಾರಾಯಾ. ವಯಸ್ಸಾತು.”

ಅಕ್ಕ ಕೋಕಮ್ಮಿನ ಪಾನಕ ತರಲು ಒಳಗೆ ಹೋದಾಗ ನಾನು ಮೂಗು ಅರಳಿಸಿದೆ. ಬೆಂದ ಹಲಸಿನ ವಾಸನೆ, ಜೀರಿಗೆಯ ವಾಸನೆ. ಪಾನಕದ ಲೋಟ ಹಿಡಿದ ಅವಳ ಬೆರಳುಗಳು ಎಣ್ಣೆಯಲ್ಲಿ ಮಿರಮಿರ ಮಿಂಚುತ್ತಿದ್ದವು. ಇಬ್ಬರೂ ಅದನ್ನು ನೋಡಿದೆವು. ಅವಳು ಕೊಟ್ಟ ಮಣೆ ಹಿಡಿದುಕೊಂಡು ಇಳಿದೆ.

ಅತ್ತೆ ಹಿತ್ತಿಲಲ್ಲೇ ಕಾಯುತ್ತಿದ್ದಳು. ಕಂಡದ್ದನ್ನು ಹೇಳುವುದೇ ತಡ, ಅವಳ ಮುಖ ಬೆಳಗಿತು.

“ಕಂಡ್ಯನಾ! ಮಾಡ್ತಾ ಇದ್ದು! ಯಂಗೆ ಬ್ಯಾಡ ಹೇಳಿ, ತಾನು ತಟ್ಟಿ ಹಿಂದೆ ಕೂತು ಒತ್ತತಾ ಇದ್ದು. ಯನ್ನ ಕಣ್ಣಿಗೆ ಬೀಳಲಾಗ ಹೇಳಿ ತಟ್ಟಿ. ಇಲ್ದೇ ಹೋದ್ರೆ ಮೂಡಬಾಗ್ಲಿಗೆ ಯಾರು ತಟ್ಟಿ ಕಟ್ತ? ಗಾಳಿ ಬತ್ತು ಹೇಳಿ ನಿಜವಾಗಿ ಹೆದರಿದ್ರೆ ಪಡುಬದಿಗೆ ಕಟ್ಟಿರ್ತಿತ್ತು.”

ಭಾವನೂ ತಲೆದೂಗಿದ. ನಾನೂ ತಲೆದೂಗಿದೆ. ಆ ತರ್ಕದಲ್ಲಿ ನಮಗೆ ಯಾರಿಗೂ ತಪ್ಪು ಕಾಣಲಿಲ್ಲ. ಗಾಳಿಗೆ ಹೆದರಿದವರು ಕಡಲ ಕಡೆ ಮುಚ್ಚುತ್ತಾರೆ. ಕಡಲ ಕಡೆ ಮುಚ್ಚದವರಿಗೆ ಗಾಳಿಯ ಹೆದರಿಕೆ ಇಲ್ಲ. ಹಾಗಾದರೆ ಗಾಳಿ ಬರುವುದಿಲ್ಲ.

ಹಾಗೆಂದು ಅತ್ತೆ ಪೂರ್ತಿ ಮೈಮರೆಯುವವಳಲ್ಲ. ಎಲ್ಲಾದರೂ ಬಂದೇಬಿಟ್ಟರೆ ಎಂದು ನನ್ನನ್ನೂ ಭಾವನನ್ನೂ ಹಚ್ಚಿ ಪಡುವಣದ ಬದಿಗೆಲ್ಲ ತಟ್ಟಿ ಕಟ್ಟಿಸಿದಳು. ಹೊಸ ತಾಡಪತ್ರಿಯನ್ನೂ ಅಲ್ಲಿಯೇ ಎಳೆದು ಬಿಗಿದೆವು. ಹಪ್ಪಳಕ್ಕೆ ಮೂಡಣದ ಅಂಗಳ, ಮನೆಯ ಮರೆ. ಕಡಲಿನಿಂದ ಎಂಥ ಗಾಳಿ ಬಂದರೂ ಮನೆ ದಾಟಿ ಅಲ್ಲಿಗೆ ಮುಟ್ಟಬೇಕಲ್ಲ!

ಮರುದಿನ ಹೆಂಗಸರು ಬಂದರು. ಮೇಲಿನಮನೆಯ ಅಕ್ಕ ಬರಲಿಲ್ಲ, ಸೊಂಟ ನೋವಂತೆ. “ನೋಯ್ತು, ನೋಯ್ತು. ರಾತ್ರೆವರೆಗೆ ಒತ್ತಿದ್ರೆ ಯಾರ ಸೊಂಟವಾದ್ರೂ ನೋಯ್ತು” ಎಂದಳು ಅತ್ತೆ. ಒತ್ತುವವರು ಒತ್ತಿದರು, ಹರಡುವವರು ಹರಡಿದರು, ಮದುಮಗಳಾಗುವ ಮೊಮ್ಮಗಳು ಕಾಗೆ ಕಾಯಲು ಕೊಡೆ ಹಿಡಿದು ಕೂತಳು. ಅಂಗಳ ತುಂಬ ಹಪ್ಪಳ. ಬಿಸಿಲು ಬೆನ್ನು ಸುಡುವಷ್ಟಿತ್ತು. ಸಂಜೆ ಅತ್ತೆ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, “ಇನ್ನೊಂದು ಬಿಸಿಲು ಸಿಕ್ರೆ ಆತು. ಯಲ್ಲಾಪುರದವ್ವು ನೋಡಲಿ” ಎಂದಳು.

ಅದರ ಮರುದಿನ ಬೆಳಗ್ಗೆಯೂ ಬಿಸಿಲಿತ್ತು, ಆದರೆ ಅದರ ಬಣ್ಣ ಸರಿ ಇರಲಿಲ್ಲ. ಹಿತ್ತಾಳೆ ತಿಕ್ಕಿದ ಮೇಲೆ ಉಳಿಯುವ ಹುಳಿನೀರಿನ ಬಣ್ಣ. ಪಡುವಣದಲ್ಲಿ ಮಳೆಗಾಲದಂಥ ಮೋಡ ಏನೂ ಇಲ್ಲ. ಅತ್ತೆ ಮೇಲೆ ನೋಡಿದಳು, ಮೇಲಿನಮನೆಯನ್ನು ನೋಡಿದಳು, ಹಪ್ಪಳ ಹರಡಿಸಿದಳು. ಊಟದ ಹೊತ್ತಿಗೆ ಸೆಕೆ ತಡೆಯಲಾರದಷ್ಟಾಯಿತು. ಮೊಮ್ಮಗಳು ಅಂಗಳದಲ್ಲಿ ಕಾಗೆ ಕಾಯುತ್ತಿದ್ದಳು, ನಾವು ಹಿಂಬದಿಯ ಕಟ್ಟೆಯಲ್ಲಿ ಕೂತು ಉಣ್ಣುತ್ತಿದ್ದೆವು.

ಆಗ ಪಡುವಣಕ್ಕೆ ಕಟ್ಟಿದ ತಟ್ಟಿ ಹೊರಕ್ಕೆ ಉಬ್ಬಿತು.

ಒಳಕ್ಕಲ್ಲ, ಹೊರಕ್ಕೆ. ಮನೆಯ ಒಳಗಿಂದ ಯಾರೋ ಬೆನ್ನು ಕೊಟ್ಟು ದೂಡಿದ ಹಾಗೆ.

“ಕರು ಬಿಚ್ಚಿಕಂಡು ಬೈಂದನಾ ನೋಡು” ಎಂದಳು ಅತ್ತೆ. ಭಾವ ಎದ್ದು ನೋಡಿದ. ಕರು ಕೊಟ್ಟಿಗೆಯಲ್ಲಿತ್ತು. ತಟ್ಟಿ ಮತ್ತೊಮ್ಮೆ ಉಬ್ಬಿತು, ಈ ಸಲ ಇಳಿಯಲಿಲ್ಲ. ಹೆಬ್ಬಾಗಿಲು ದಡಾರನೆ ಗೋಡೆಗೆ ಬಡಿಯಿತು. ಅತ್ತೆಯ ಕೈ ತುತ್ತಿನ ಸಮೇತ ನಿಂತಿತು. ಅವಳ ಮುಖದಲ್ಲಿ ಮೊದಲು ಕಂಡದ್ದು ಹೆದರಿಕೆಯಲ್ಲ. ಇಷ್ಟು ವರ್ಷ ಮನೆಯೊಳಗೆ ಓಡಾಡಿಕೊಂಡಿದ್ದವನೇ ಕಳ್ಳ ಎಂದು ಗೊತ್ತಾದವರ ಮುಖ ಅದು.

“ಮೂಡಗಾಳಿ!” ಎಂದಳು.

ಓಡಿ ಅಂಗಳಕ್ಕೆ ಬರುವಷ್ಟರಲ್ಲಿ ಆಗುವುದು ಆಗಿತ್ತು. ಹಾಸಿದ ಪ್ಲಾಸ್ಟಿಕ್ಕು ಒಂದು ತುದಿಯಿಂದ ಎದ್ದು ಹಪ್ಪಳ ಸಮೇತ ಸುರುಳಿ ಸುತ್ತಿಕೊಂಡು ಜಗುಲಿಗೆ ಬಂದು ಬಡಿಯಿತು. ಚಾಪೆಯ ಮೇಲಿನವು ಒಟ್ಟಿಗೇ ಎದ್ದು, ಹಾರಿ, ಕೊಟ್ಟಿಗೆಯ ಗೋಡೆಗೆ, ಬಾವಿಕಟ್ಟೆಗೆ, ನಮ್ಮ ಮೈಗೆ ಬಂದು ಅಂಟಿದವು. ಮೊಮ್ಮಗಳ ಕೊಡೆ ಮಗುಚಿತು. ಅತ್ತೆ ಸೆರಗು ಒಡ್ಡಿಕೊಂಡು ಗಾಳಿಗೆ ಎದುರಾಗಿ ನಿಂತಳು, ಹಾರಿ ಬರುವ ಹಪ್ಪಳವನ್ನು ಸೆರಗಿನಲ್ಲಿ ಹಿಡಿಯುತ್ತೇನೆ ಎಂದು. ಭಾವ ಅವಳನ್ನು ಎಳೆದು ಒಳಗೆ ತಂದ. ಹಿಂದೆಯೇ ಮಳೆ ಬಿತ್ತು, ಅದೂ ಮೂಡಣದಿಂದ, ತೆರೆದ ಹೆಬ್ಬಾಗಿಲಿನಲ್ಲಿ ನೇರ ಒಳಗೆ. ಪಡುವಣದ ತಾಡಪತ್ರಿ ಮನೆಯೊಳಗೆ ಬಂದ ನೀರು ಹೊರಗೆ ಹೋಗದ ಹಾಗೆ ಭದ್ರವಾಗಿ ತಡೆದು ನಿಲ್ಲಿಸಿತು. ಸಂಜೆಯ ಹೊತ್ತಿಗೆ ಗಾಳಿ ತೆಂಕಗಾಳಿಯಾಗಿ ತಿರುಗಿತು. ಆಮೇಲೆ ಏನೂ ಆಗಿಲ್ಲವೆನ್ನುವ ಹಾಗೆ ಸುಮ್ಮನಾಯಿತು. ಹಲಸಿನ ಮರದ ದೊಡ್ಡ ಟೊಂಗೆಯೊಂದು ಕಾಯಿಗಳ ಸಮೇತ ಮುರಿದು ಕೆಸರಲ್ಲಿ ಬಿದ್ದಿತ್ತು. ಕರೆಂಟಿನ ಕಂಬ ಬಿದ್ದು ಭಾವನ ಮೊಬೈಲೂ ಸತ್ತಿತ್ತು.

ಬ್ಯಾಟರಿಯ ರೇಡಿಯೋದಲ್ಲಿ ಆಮೇಲೆ ಕೇಳಿದೆವು. ಆ ಸಣ್ಣದು ದಡದ ಮಗ್ಗುಲಲ್ಲೇ ಸಾಗಿ, ಮತ್ತೆ ಕಡಲೊಳಗೆ ಸರಿದು ಕರಗಿತಂತೆ. ಇಂಥವು ನಮ್ಮ ದೇಶದ ಕಡೆ ಎಡಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತವೆ. ಸುಳಿಯ ನಡು ನಮ್ಮ ತೆಂಕ-ಪಡುವಣದ ಕಡಲಲ್ಲಿ ಇರುವಾಗ ಅದರ ಅಂಚಿನ ಗಾಳಿ ನಮಗೆ ಬಂದು ಬಡಿಯುವುದು ಮೂಡಣದಿಂದ. ಕೇಳಿದರೆ ಸರಳ. ಕಡಗೋಲು ತಿರುಗುವುದನ್ನು ದಿನಾ ನೋಡುವವರಿಗೆ ಹೊಳೆಯಬೇಕಿತ್ತು. ಆದರೆ ಕಡಲಿನ ಗಾಳಿ ಎಂದಮೇಲೆ ಕಡಲಿನ ಕಡೆಯಿಂದಲೇ ಬರಬೇಕು ಎಂದು ನಾವು ಕೂತಿದ್ದೆವು.

ಅತ್ತೆ ಸೆರಗಿನಲ್ಲಿ ಸಿಕ್ಕ ಹಪ್ಪಳಗಳನ್ನು ತಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದಳು. ಒಂದು ಪಂಕ್ತಿಗೂ ಸಾಲದು. ಮರದಲ್ಲಿ ಉಳಿದ ಕಾಯಿ ಎಳೆಯವು. ಬಿಸಿಲು ಯಾವಾಗ ಬರುತ್ತದೋ ಗೊತ್ತಿಲ್ಲ, ಮದುವೆ ಮುಂದೆ ಹೋಗುವುದಲ್ಲ.

“ಪೇಟೆಯಿಂದ ಹಪ್ಪಳ ತಪ್ಪ ಆಯಿ” ಎಂದ ಭಾವ. ಅವಳು ಅವನನ್ನು ನೋಡಿದ ನೋಟಕ್ಕೆ ಅವನು ಎದ್ದು ಹಂಚು ಸರಿಮಾಡಲು ಹೋದ.

ಮರುದಿನ ಮಧ್ಯಾಹ್ನ ಮೇಲಿನಮನೆಯ ಅಕ್ಕ ದೊಡ್ಡ ಡಬ್ಬವೊಂದನ್ನು ಸೊಂಟದ ಮೇಲೆ ಹೊತ್ತು ಇಳಿದು ಬಂದಳು. ನೋವಿನ ಸೊಂಟವೇ ಅದು. ಡಬ್ಬ ಜಗುಲಿಯ ಮೇಲೆ ಇಟ್ಟಳು.

“ತಗ ತಂಗಿ. ಯಲ್ಲಾಪುರಕ್ಕೆ.”

ಅತ್ತೆ ಮುಚ್ಚಳ ತೆಗೆದಳು. ಒಳಗೆ ಹಪ್ಪಳ, ಗರಿಗರಿ, ಅಂಚು ಚೂರೂ ಮುರಿದಿಲ್ಲ. ಅವಳು ಹಪ್ಪಳ ಮುಟ್ಟಲಿಲ್ಲ.

“ಹಂಗಾರೆ ನೀ ಮಾಡಿದ್ದು ಹೌದು.”

“ಹೌದು.”

“ಯಂಗೆ ಬ್ಯಾಡ ಹೇಳಿದ್ದೆ ನೀನು.”

“ಅಂಗಳದಲ್ಲಿ ಒಣಗಿಸಡ ಹೇಳಿದ್ದೆ ಆನು. ಮಾಡಡ ಹೇಳಿದ್ನಾ? ಆನು ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿದೆ.”

“ಮೂಡಗಾಳಿ ಬತ್ತು ಹೇಳಿ ನಿಂಗೆ ಗೊತ್ತಿತ್ತು. ಅದಕ್ಕೇ ನೀ ತಟ್ಟಿ ಕಟ್ಟಿದ್ದೆ. ಬಾಯಿಬಿಟ್ಟು ಹೇಳಿದ್ರೆ ಯನ್ನ ಹಪ್ಪಳ ಉಳೀತಿತ್ತು.”

ಅಕ್ಕ ನಕ್ಕಳು. ಮುಖಕ್ಕೆ ಸೆರಗು ಮುಚ್ಚಿಕೊಂಡು ನಕ್ಕಳು. “ಇಲ್ಲೆ ಮಾರಾಯ್ತಿ. ತಟ್ಟಿ ಕಟ್ಟಿದ್ದು ಗಾಳಿಗಲ್ಲ, ನಿನ್ನ ಕಣ್ಣಿಗೆ. ಆನು ಬೆಂಕಿ ಹಾಕಿದ್ರೆ ಸಾಕು, ಹಿತ್ಲಲ್ಲಿ ನಿಂತು ನೋಡ್ತೆ ನೀನು. ಆಮೇಲೆ ಊರಿಗೆಲ್ಲ ಹೇಳ್ತೆ.”

ಅತ್ತೆ ನನ್ನ ಕಡೆ ನೋಡಿದಳು. ನಾನು ಬಾವಿಯ ಕಡೆ ನೋಡಿದೆ.

ಅಕ್ಕ ಹೋದಮೇಲೆ ಅತ್ತೆ ಡಬ್ಬದ ಮುಚ್ಚಳ ಹಾಕಿದಳು. “ಎಂತಕ್ಕೆ ಕೊಟ್ಟತು?” ಎಂದಳು. ನಾನು, ಕೊಡುವ ಮನಸ್ಸಾಯಿತು, ಕೊಟ್ಟಳು ಎಂದೆ. “ಅಲ್ಲ. ಅದು ಕುಮಟೆ ಬದಿದು. ಕಡಲ ಗಾಳಿ ಹೆಂಗೆ ಬತ್ತು ಹೇಳಿ ಅದಕ್ಕೆ ಗೊತ್ತಿಲ್ದೇ ಇರ್ತಾ? ಈಗ ಕಣ್ಣಿಗೆ ಕಟ್ಟಿದ್ದು ಹೇಳಿ ಸುಳ್ಳು ಹೇಳ್ತು” ಎಂದಳು. ಆಮೇಲೆ, “ಅಥವಾ ಕಣ್ಣಿಗೇ ಕಟ್ಟಿದ್ದೋ ಏನೋ” ಎಂದಳು. ನನಗೂ ಇವತ್ತಿನವರೆಗೆ ಗೊತ್ತಿಲ್ಲ.

ಡಬ್ಬ ಯಲ್ಲಾಪುರಕ್ಕೆ ಹೋಯಿತು. ಹೋಗುವಾಗ ಜೀಪಿನಲ್ಲಿ ಅತ್ತೆ ಡಬ್ಬವನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ವಧೂಪ್ರವೇಶದ ಪಂಕ್ತಿಯಲ್ಲಿ ಕರಿದ ಹಪ್ಪಳ ಬಂತು. ಎಲೆಯಿಂದ ಎಲೆಗೆ ಕರುಂ ಕುರುಂ ಸದ್ದು ಸಾಗಿತು. ಮದುಮಗನ ಅಜ್ಜಿ ಅತ್ತೆಯ ಎದುರು ಬಂದು, “ರಾಶಿ ಚೊಲೊ ಆಜು. ಇಂಥ ಹಪ್ಪಳ ತಿನ್ನದೆ ಯಾವ ಕಾಲ ಆತೋ. ಮಾತಿಗೆ ತಪ್ಪಿದ್ದಿಲ್ಲೆ ನೀನು” ಎಂದರು.

ಮಾತು ಉಳಿದಿತ್ತು. ಅತ್ತೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಪಕ್ಕದ ಎಲೆಯಲ್ಲಿ ಕೂತು, ಹೂಂ ಎನ್ನಲಿ ಎಂದೇ ಕಾಯುತ್ತಿದ್ದೆ. ಅವಳು ಎಲೆಯ ಮೇಲಿನ ಹಪ್ಪಳದ ಒಂದು ಚೂರು ಮುರಿದು, ಅಗಿದು, “ಇದು ಯನ್ನ ಕೈದಲ್ಲ” ಎಂದಳು. “ಆನು ಜೀರಿಗೆ ಹಾಕ್ತಿಲ್ಲೆ, ಕೊತ್ತಂಬರಿ ಹಾಕ್ತೆ. ಇದು ಯಂಗಳ ಮೇಲಿನಮನೆ ಅಕ್ಕಂದು. ಯನ್ನದು ಚಂಡಮಾರುತಕ್ಕೆ ಹಾರಿಹೋತು.”

ಅಜ್ಜಿ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿದರು.

“ಚಂಡಮಾರುತಕ್ಕಾ? ಆ ಸಣ್ಣದಕ್ಕಾ? ಯಂಗಳ ಯಲ್ಲಾಪುರದಾಗೆ ಒಂದು ತರಗೆಲೆ ಅಲ್ಲಾಡಿದ್ದಿಲ್ಲೆ ಅಲ್ದನೇ?”

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಮಾಡಲಾಗದೆ ಗಾಳಿಯ ಮೇಲೆ ಹಾಕಿದಳು ಎಂದು ಆ ಕಣ್ಣುಗಳೆಲ್ಲ ಹೇಳುತ್ತಿದ್ದವು. ಹೇಳಿದ ನಿಜವನ್ನು ಯಾರೂ ನಂಬಲಿಲ್ಲ. ಅತ್ತೆಯ ಕಿವಿ ಕೆಂಪಾಯಿತು. ಆಗ ಪಕ್ಕದಲ್ಲಿ ತುಪ್ಪ ಬಡಿಸುತ್ತಿದ್ದ ಮೊಮ್ಮಗಳು, ಹೊಸ ಸೊಸೆ, ಬಗ್ಗಿದವಳು ನೆಟ್ಟಗಾದಳು.

“ಹೌದು ಅಜ್ಜಿ. ಯನ್ನ ಜಡೆಲೂ ಎರಡು ಹಪ್ಪಳ ಸಿಕ್ಕಂಡಿತ್ತು” ಎಂದಳು.

ಅಜ್ಜಿಗೆ ನಗು ಬಂತು. ನಂಬಿದರೋ ಇಲ್ಲವೋ, ನಕ್ಕರು. “ಹಂಗಾರೆ ಬರ ವರ್ಷ ನಿನ್ನ ಕೊತ್ತಂಬರಿದು ತಗಬಾ, ನೋಡನ” ಎಂದು ಮುಂದಿನ ಎಲೆಗೆ ಹೋದರು. ಅತ್ತೆ ಮೊಮ್ಮಗಳ ಕೈಯಿಂದ ತುಪ್ಪ ಹಾಕಿಸಿಕೊಂಡಳು, ಯಾವತ್ತಿಗಿಂತ ಸ್ವಲ್ಪ ಜಾಸ್ತಿಯೇ.

ಮಳೆಗಾಲ ಶುರುವಾಗುವ ಮುಂಚೆ ಮತ್ತೊಮ್ಮೆ ಹೆಗಡೆಕಟ್ಟಾಕ್ಕೆ ಹೋದೆ. ಅತ್ತೆ ಸ್ಟೂಲು ಹಾಕಿಕೊಂಡು, ಬಳ್ಳಿಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ತಟ್ಟಿ ಕಟ್ಟುತ್ತಿದ್ದಳು. ಪಡುವಣದ್ದು ಮುಗಿದಿತ್ತು. ಈಗ ಕಟ್ಟುತ್ತಿದ್ದದ್ದು ಮೂಡಬಾಗಿಲಿಗೆ. ಮಳೆಗಾಲದ ಗಾಳಿ ಈ ಬದಿಯಿಂದ ಬರುವುದಿಲ್ಲವಲ್ಲ ಎಂದೆ. “ಬತ್ತಿಲ್ಲೆ ಹೇಳಿ ಗಾಳಿ ನಿಂಗೆ ಹೇಳಿಕ್ಕಿ ಹೋಯ್ದಾ?” ಎಂದು ಕೇಳಿದಳು.

ಅಷ್ಟರಲ್ಲಿ ದಿಬ್ಬದ ಮೇಲಿನಿಂದ ದನಿ ಬಂತು. ಮೇಲಿನಮನೆಯ ಅಕ್ಕ ನಮ್ಮ ಮೂಡಣದ ಅಂಗಳ ಕಾಣುವ ಬೇಲಿಯ ಮೂಲೆಗೆ ಬಂದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದಳು.

“ತಂಗೀ, ಮೂಡಬಾಗ್ಲಿಗೆ ತಟ್ಟಿಯಾ? ಎಂತ ಮುಚ್ಚಿಡ್ತಾ ಇದ್ದೆ ಅಲ್ಲಿ?”

ಅತ್ತೆ ಹಲ್ಲಿನಿಂದ ಬಳ್ಳಿ ತೆಗೆದು, ಗಂಟು ಬಿಗಿದು, ನನ್ನ ಕಡೆ ಬಗ್ಗಿ ಮೆಲ್ಲನೆ ಹೇಳಿದಳು:

“ಇನ್ನೊಂದು ತಟ್ಟಿ ತಗಬಾ ತಮಾ. ಸಂದಿಲಿ ಕಾಣ್ತಾ ಇದ್ದು.”